ಬಯಾಪ್ಸಿ ಆದ್ಮೇಲೆ ಕೆಮ್ಮಿನಲ್ಲಿ ರಕ್ತ ಬಂದ್ರೆ

ಸಿಟಿ ಸ್ಕ್ಯಾನ್ ನೋಡ್ಕೊಂಡು ಶ್ವಾಸಕೋಶದ ಗಡ್ಡೆಗೆ ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೀಬೇಕು, ಅಂದ್ರೆ ಬಯಾಪ್ಸಿ ಮಾಡ್ಬೇಕು ಅಂದ ತಕ್ಷಣ ಪಾಂಡವಪುರ, ಕೆ.ಆರ್.ಪೇಟೆ ಕಡೆಯಿಂದ ಮೈಸೂರಿಗೆ ಬರೋ ಮನೆಯವ್ರು ಕೇಳೋದು ಒಂದೇ, "ಸೂಜಿ ಹಾಕುದ್ರೆ ಕಾಯ್ಲೆ ಹರಡ್ಬುಡಲ್ವ ಸಾರ್?" ಹಾಗಾಗೋದು ತೀರಾ ಕಮ್ಮಿ. ರಕ್ತದ ವಿಷಯ ಮಾತ್ರ ಯಾರೂ ಕೇಳಲ್ಲ, ಅದಕ್ಕೇ ನಾನೇ ಹೇಳ್ತೀನಿ.

ಕಫದಲ್ಲಿ ಒಂದೆರಡು ಸಲ ಕೆಂಪು ಬರಬಹುದು, ಸಾಮಾನ್ಯವಾಗಿ ತಾನಾಗೇ ನಿಲ್ಲುತ್ತೆ. ಜೋರಾಗಿ ಬರೋದು ಅಪರೂಪ. ಬಂದಾಗ ಎಲ್ರೂ ರಕ್ತ ಸೋರಿಹೋಗುತ್ತೆ ಅಂತ ಹೆದರ್ತಾರೆ, ಆದ್ರೆ ದೊಡ್ಡ ಅಪಾಯ ಉಸಿರು ಕಟ್ಟೋದು, ಯಾಕಂದ್ರೆ ಶ್ವಾಸನಾಳಗಳಲ್ಲಿ ಹಿಡಿಸೋದೇ ಸುಮಾರು 150 ಎಂ.ಎಲ್., ಒಂದು ಲೋಟ ಕಾಫಿಯಷ್ಟು, ಅದು ತುಂಬಿದ್ರೆ ಗಾಳಿಗೆ ಜಾಗ ಎಲ್ಲಿ?

ಅದಕ್ಕೆ ರಕ್ತ ಕಂಡ ಕೂಡ್ಲೇ ಸೂಜಿ ಹಾಕಿದ ಮಗ್ಗುಲು ಕೆಳಗಾಗೋ ಹಾಗೆ ಪೇಷೆಂಟನ್ನ ಹೊರಳಿಸ್ತೀವಿ. ಇಷ್ಟು ಸಣ್ಣ ಕೆಲಸ, ಆದ್ರೆ ರಕ್ತ ಆ ಕಡೆ ಹರಿಯದೆ ಇನ್ನೊಂದು ಶ್ವಾಸಕೋಶ ಉಳಿಯೋದು ಇದ್ರಿಂದಾನೇ. ಜೊತೆಗೆ ಆಕ್ಸಿಜನ್, ರಕ್ತ ಹೀರಿ ತೆಗೆಯೋ ಸಕ್ಷನ್, ರಕ್ತ ನಿಲ್ಲಿಸೋ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್, ಕೆಲವು ಸಲ ಅದೇ ಔಷಧಿನ ಆವಿ ಥರ ಉಸಿರಲ್ಲಿ ಎಳ್ಕೊಳ್ಳೋಕೆ ನೆಬ್ಯುಲೈಜರಲ್ಲೂ ಕೊಡ್ತೀವಿ. ಆಗ್ಲೂ ನಿಲ್ಲದಿದ್ರೆ ಅನಸ್ತೇಷಿಯಾ ಡಾಕ್ಟ್ರು ಚೆನ್ನಾಗಿರೋ ಕಡೆಗೆ ಮಾತ್ರ ಟ್ಯೂಬ್ ಇಳಿಸ್ತಾರೆ, ಬ್ರಾಂಕೋಸ್ಕೋಪಲ್ಲಿ (ಶ್ವಾಸನಾಳದೊಳಗೆ ಇಳಿಸೋ ಕ್ಯಾಮೆರಾ ಕೊಳವೆ) ರಕ್ತ ಬರೋ ಶ್ವಾಸನಾಳಕ್ಕೆ ಬಲೂನ್ ಹಾಕಿ ಮುಚ್ಚಬಹುದು, ಆಮೇಲೂ ಬೇಕಾದ್ರೆ ತೊಡೆಸಂದಿಯಿಂದ ಸಣ್ಣ ಕೊಳವೆ ಕಳಿಸಿ ರಕ್ತ ಸೋರ್ತಿರೋ ರಕ್ತನಾಳನೇ ಬ್ಲಾಕ್ ಮಾಡ್ತೀವಿ. ಹಳೇ ಟಿಬಿ ಆದವ್ರಲ್ಲಿ ಶ್ವಾಸನಾಳದ ಪಕ್ಕದ ರಕ್ತನಾಳಗಳು ದಪ್ಪ ಆಗಿರಬಹುದು, ಅಂಥವ್ರಿಗೆ ಮೊದಲೇ ಕಾಂಟ್ರಾಸ್ಟ್ ಸ್ಕ್ಯಾನ್ (ರಕ್ತನಾಳ ಕಾಣೋ ಹಾಗೆ ಔಷಧಿ ಕೊಟ್ಟು ಮಾಡೋ ಸ್ಕ್ಯಾನ್) ನೋಡದೆ ನಾನು ಸೂಜಿ ಮುಟ್ಟಲ್ಲ.

ನನಗೆ ಇದಕ್ಕಿಂತ ಜಾಸ್ತಿ ಭಯ ಇರೋದು ಎದೆಗೂಡಿನೊಳಗೆ ಸೋರೋ ರಕ್ತದ್ದು. ಪಕ್ಕೆಲುಬಿನ ಕೆಳ ಅಂಚಿಗೆ ಅಂಟ್ಕೊಂಡು ಒಂದು ರಕ್ತನಾಳ ಹೋಗುತ್ತೆ, ಅದಕ್ಕೇ ನಾವು ಸೂಜಿನ ಎಲುಬಿನ ಮೇಲಂಚಿಗೆ ತಾಗಿಸ್ಕೊಂಡೇ ಒಳಗೆ ಬಿಡೋದು. ಅಕಸ್ಮಾತ್ ಅದಕ್ಕೆ ಪೆಟ್ಟಾದ್ರೆ ಕೆಮ್ಮಿಲ್ಲ, ಕೆಂಪು ಕಫ ಇಲ್ಲ, ಸುಮ್ನೆ ಮಲಗಿರೋರಿಗೆ ಬೆವರು ಕಿತ್ಕೊಳ್ಳುತ್ತೆ, ನಾಡಿ ಓಡುತ್ತೆ, ಬಿಪಿ ಇಳಿಯುತ್ತೆ. ಬಯಾಪ್ಸಿ ಮುಗೀತಲ್ಲ, ಇನ್ನೂ ಯಾಕೆ ಮಲಗಿಸಿದ್ದೀರ ಅಂತ ಸಿಟ್ಟು ಮಾಡ್ಕೋಬೇಡಿ, ನರ್ಸ್ ಮತ್ತೆ ಮತ್ತೆ ಬಂದು ಬಿಪಿ ನೋಡೋದು ಇದಕ್ಕೇ.

ಬರೋವಾಗ ಮಾತ್ರೆ ಕವರ್ ಪೂರ್ತಿ ತನ್ನಿ. ರಕ್ತ ಹೆಪ್ಪುಗಟ್ಟಿಸೋ ಕಣಗಳು, ಅಂದ್ರೆ ಪ್ಲೇಟ್‌ಲೆಟ್, 50,000ಕ್ಕಿಂತ ಮೇಲಿರ್ಬೇಕು, ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅಂತ ತೋರಿಸೋ ಐಎನ್‌ಆರ್ 1.5 ದಾಟಿರಬಾರದು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಕ್ಲೋಪಿಡೋಗ್ರೆಲ್ ಮಾತ್ರೆನ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸ್ತೀವಿ, ಆದ್ರೆ ಸ್ಟೆಂಟ್ ಹಾಕಿಸ್ಕೊಂಡವ್ರು ದಯವಿಟ್ಟು ನೀವಾಗೇ ನಿಲ್ಲಿಸ್ಬೇಡಿ, ಹಾರ್ಟ್ ಡಾಕ್ಟ್ರನ್ನ ಕೇಳೇ ನಿಲ್ಲಿಸ್ಬೇಕು.

ಊರಿಗೆ ಹೋದ್ಮೇಲೆ ರಕ್ತ ಜಾಸ್ತಿ ಆದ್ರೆ, ಎದೆ ಹಿಡ್ಕೊಂಡ್ರೆ, ಉಸಿರು ಕಟ್ಟಿದ್ರೆ ಬೆಳಗಿನ ಬಸ್ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಯಾವ ಕಡೆ ಸೂಜಿ ಹಾಕಿದ್ರು ಅನ್ನೋದನ್ನ ಅವ್ರಿಗೆ ಮೊದಲೇ ಹೇಳಿ.