ಮೊದಲು ಆಯಿಲ್, ಆಮೇಲೆ ಸೆಲ್ಫ್: ವರ್ಷಗಟ್ಟಲೆ ನಿಂತ ಟರ್ಬೊ ಕಾರಿನ ಪ್ರಶ್ನೆ

ಪ್ರಶ್ನೆ: ನಾವು ಡೊಂಬಿವಲಿಯವರು. ನಮ್ಮ ಸೋದರಮಾವನ 2005ರ ಸ್ಕೋಡಾ ಆಕ್ಟೇವಿಯಾ, 1.8 ಪೆಟ್ರೋಲ್ ಟರ್ಬೊ, 2019ರಿಂದ ಬಿಲ್ಡಿಂಗ್ ಕೆಳಗೆ ತಾಡಪತ್ರಿ ಹೊದ್ದುಕೊಂಡು ನಿಂತಿದೆ. ಮಾವ ಹೋಟೆಲು ಮುಚ್ಚಿ ಕುಂದಾಪುರಕ್ಕೆ ಹೋದರು, ಕಾರು ನನಗೆ ಬಂತು. ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿಬಿಡೋಣ ಎನ್ನುತ್ತಾನೆ ಗೆಳೆಯ. ಗ್ಯಾರೇಜಿನವರು ಟರ್ಬೊ ಹೋಗಿರುತ್ತದೆ, ಮೊದಲು ಅದನ್ನೇ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಟರ್ಬೊ, ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೇ ಹೆಚ್ಚು ಗಾಳಿ ತಳ್ಳುವ ಚಕ್ರ, ಚೆನ್ನಾಗಿಯೇ ಇರಬಹುದು. ಆದರೆ ಒಣಗಿ ನಿಂತ ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ, ಚೆನ್ನಾಗಿದ್ದ ಟರ್ಬೊ ಕೂಡ ಮೊದಲ ಅರ್ಧ ನಿಮಿಷದಲ್ಲೇ ಪೆಟ್ಟು ತಿನ್ನುತ್ತದೆ.

ಇದನ್ನು ನಾನು ಕಲಿತದ್ದು ಒಂದು ಗಾಡಿಯನ್ನು ಹಾಳು ಮಾಡಿ. ಸುಮಾರು ಹತ್ತು ವರ್ಷದ ಹಿಂದೆ, ಇಲ್ಲೇ ಪುಣೆಯ ನಿಗಡಿಯಲ್ಲಿ, ನಾಲ್ಕು ವರ್ಷ ನಿಂತಿದ್ದ ಒಂದು ಹಳೆ ಟರ್ಬೊ ಡೀಸೆಲ್ ಗಾಡಿ ತಂದಿದ್ದೆ. ಹೊಸ ಬ್ಯಾಟರಿ ಹಾಕಿದೆ, ಎರಡನೇ ಸಲಕ್ಕೆ ಹಿಡಿದುಕೊಂಡಿತು, ಖುಷಿಯಲ್ಲಿ ಎಕ್ಸಲರೇಟರ್ ಒತ್ತಿದೆ. ಮೂರನೇ ದಿನ ಶಿಳ್ಳೆಯ ಸದ್ದು ಶುರುವಾಯಿತು. ಐದನೇ ದಿನ ನೀಲಿ ಹೊಗೆ. ಬಿಚ್ಚಿ ನೋಡಿದರೆ ಟರ್ಬೊದ ಶಾಫ್ಟು ಬೇರಿಂಗ್ ಕೂರುವ ಜಾಗದಲ್ಲಿ ನೀಲಿಗಟ್ಟಿತ್ತು. ಆಯಿಲ್ ಇಲ್ಲದೆ ಉಜ್ಜಿ ಉಜ್ಜಿ ಕಾದ ಕಬ್ಬಿಣದ ಬಣ್ಣ ಅದು. ಮನಸ್ಸಿಗೆ ತುಂಬಾ ಬೇಜಾರಾಗಿತ್ತು, ಯಾಕೆಂದರೆ ಸ್ಟಾರ್ಟ್ ಮಾಡುವ ಹಿಂದಿನ ದಿನ ಅದೇ ಟರ್ಬೊವನ್ನು ಬೆರಳಲ್ಲಿ ತಿರುಗಿಸಿ ನೋಡಿದ್ದೆ, ನಯವಾಗಿ ತಿರುಗಿತ್ತು.

ಯಾಕೆ ಹೀಗಾಗುತ್ತದೆ? ಇಂಥ ಟರ್ಬೊದ ಶಾಫ್ಟು ಸೈಕಲ್ ಚಕ್ರದಂತೆ ಗುಂಡುಗಳ ಮೇಲೆ ತಿರುಗುವುದಿಲ್ಲ. ಹಿತ್ತಾಳೆ ಬಣ್ಣದ ಎರಡು ಪುಟ್ಟ ಬುಷ್‌ಗಳ ಒಳಗೆ, ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತದೆ. ಜೋರು ಓಟದಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು. ಐಡಲ್‌ನಲ್ಲೂ ಸಾವಿರಗಟ್ಟಲೆ. ಒಂದು ಪಕ್ಕದಲ್ಲಿ ಕೆಂಪಗೆ ಕಾದ ಸೈಲೆನ್ಸರ್ ಗಾಳಿ, ಇನ್ನೊಂದು ಪಕ್ಕದಲ್ಲಿ ಇಂಜಿನ್ನಿಗೆ ಹೋಗುವ ಗಾಳಿ, ನಡುವೆ ಇರುವುದು ಆ ಆಯಿಲ್ ಪದರ ಮಾತ್ರ. ಆರು ವರ್ಷ ನಿಂತ ಕಾರಿನಲ್ಲಿ ಆ ಆಯಿಲ್ ಪೂರ್ತಿ ಕೆಳಗೆ ಇಳಿದುಹೋಗಿರುತ್ತದೆ. ಪಂಪ್ ಒಣಗಿರುತ್ತದೆ, ಫಿಲ್ಟರ್ ಖಾಲಿ, ಟರ್ಬೊಗೆ ಹೋಗುವ ಸಣ್ಣ ಪೈಪೂ ಖಾಲಿ. ಇಂಜಿನ್ ಹಿಡಿದುಕೊಂಡ ತಕ್ಷಣ ಹೊಗೆ ಹೋಗಿ ಚಕ್ರವನ್ನು ತಿರುಗಿಸಲು ಶುರು ಮಾಡುತ್ತದೆ, ಆಯಿಲ್ ಮಾತ್ರ ಇನ್ನೂ ದಾರಿಯಲ್ಲಿರುತ್ತದೆ.

ಹಾಗಾಗಿ ನಿಮ್ಮ ಕೆಲಸದ ಗುರಿ ಒಂದೇ: ಮೊದಲ ಸಲ ಪ್ಲಗ್‌ನಲ್ಲಿ ಕಿಡಿ ಹಾರುವ ಮೊದಲೇ ಟರ್ಬೊದಲ್ಲಿ ಆಯಿಲ್ ಇರಬೇಕು. ಉಳಿದದ್ದೆಲ್ಲ ಅದಕ್ಕೆ ತಯಾರಿ.

ಬ್ಯಾಟರಿ ಹಾಕಬೇಡಿ. ಮೊದಲು ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಗಳಿಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ಒಂದು ಚೂರು ಬಟ್ಟೆ, ಒಂದು ಅಡಿಕೆ ಸಿಪ್ಪೆ ಒಳಗೆ ಹೋದರೂ ಟರ್ಬೊದ ಗಾಳಿ ಚಕ್ರದ ರೆಕ್ಕೆ ಮುರಿಯುತ್ತದೆ. ವೈರಿಂಗ್ ಕಡಿದಿದೆಯಾ ಎಂದೂ ಅಲ್ಲೇ ನೋಡಿಬಿಡಿ.

ಹಳೆ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಅದರ ಮೇಲೆ ಹೊಸದನ್ನು ಸುರಿಯಬೇಡಿ. ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಮುಂಬಯಿ ಸುತ್ತಮುತ್ತ ಒಂದು ಮಳೆಗಾಲಕ್ಕೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ಕಾರು ಅಂಥ ಆರು ಮಳೆಗಾಲ ನೋಡಿದೆ. ತೇವ ಒಂದು ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಇರುವುದೂ ತಳದಲ್ಲೇ. ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಹತ್ತು ನಿಮಿಷ ಬಿಡಿ, ಎರಡು ಪದರ ಕಂಡರೆ ನಿಮಗೇ ಗೊತ್ತಾಗುತ್ತದೆ. ಇನ್ನೊಂದು ಮಾತು, 2023ರಲ್ಲಿ ಶುರುವಾದ ಇ20, ಅಂದರೆ ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲ್, ಈಗ ಹೆಚ್ಚುಕಡಿಮೆ ಎಲ್ಲ ಬಂಕ್‌ಗಳಲ್ಲೂ ಇದೆ, 2005ರ ರಬ್ಬರ್ ಪೈಪುಗಳನ್ನು ಅಷ್ಟು ಎಥನಾಲ್ ಲೆಕ್ಕ ಹಾಕಿ ಮಾಡಿದ್ದಲ್ಲ. ಪೆಟ್ರೋಲ್ ಹೋಗುವ ಪ್ರತಿಯೊಂದು ರಬ್ಬರ್ ಪೈಪನ್ನೂ ಬದಲಿಸಿ. ಟರ್ಬೊ ಕಾದಿರುವ ಜಾಗದ ಹತ್ತಿರ ಪೆಟ್ರೋಲ್ ಸೋರಿದರೆ ಕಾರೇ ಉಳಿಯುವುದಿಲ್ಲ, ಇದರಲ್ಲಿ ದುಡ್ಡು ಉಳಿಸಬೇಡಿ.

ಇನ್ನು ಹಳೆ ಆಯಿಲ್. ಡ್ರೇನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ, ಮೊದಲು ಬೀಳುವ ಹನಿಗಳನ್ನು ನೋಡಿ. ನೀರು ಆಯಿಲಿಗಿಂತ ಭಾರ, ಆದ್ದರಿಂದ ಇದ್ದರೆ ಅದೇ ಮೊದಲು ಬರುತ್ತದೆ. ಒಂದೆರಡು ಚಮಚ ಬಂದರೆ ತೇವ ಕೂತದ್ದು, ಹೆದರಬೇಡಿ. ಗ್ಲಾಸುಗಟ್ಟಲೆ ಬಂದರೆ, ಅಥವಾ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ, ಕೂಲೆಂಟ್ ಸೇರಿದೆ ಎಂದು ಅರ್ಥ, ಅಲ್ಲಿಗೆ ನಿಲ್ಲಿಸಿ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಆಯಿಲ್ ಇಳಿಸಿದ ಮೇಲೆ ಹೆಚ್ಚಿನವರು ಫಿಲ್ಟರ್ ಬದಲಿಸಿ ಹೊಸ ಆಯಿಲ್ ತುಂಬಿಬಿಡುತ್ತಾರೆ. ನಿಮ್ಮ ಇಂಜಿನ್ನಿನಲ್ಲಿ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ 1.8 ಟರ್ಬೊ ಇಂಜಿನ್ನಿಗೆ ಒಂದು ಹಳೆ ಕಾಯಿಲೆ ಇದೆ: ಆಯಿಲ್ ಕಾದು ಕಾದು ಟಾರಿನಂತಾಗಿ ಚೇಂಬರಿನ (ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತಟ್ಟೆ) ತಳದಲ್ಲಿ ಕೂರುತ್ತದೆ, ಪಂಪು ಆಯಿಲ್ ಎಳೆಯುವ ಪೈಪಿನ ತುದಿಯ ಜಾಲರಿಯನ್ನು ಮುಚ್ಚುತ್ತದೆ. ಆರು ವರ್ಷ ನಿಂತಾಗ ಆ ಕೆಸರು ಇನ್ನೂ ಗಟ್ಟಿಯಾಗಿರುತ್ತದೆ. ಹೊಸ ಆಯಿಲ್ ಮೇಲಿನಿಂದ ಎಷ್ಟು ಚೊಕ್ಕ ಕಂಡರೂ ಜಾಲರಿ ಕಟ್ಟಿದ್ದರೆ ಟರ್ಬೊಗೆ ಏನೂ ತಲುಪುವುದಿಲ್ಲ. ಚೇಂಬರ್ ಇಳಿಸಿ. ಅರ್ಧ ದಿನದ ಕೆಲಸ. ಜಾಲರಿಯ ಪೈಪನ್ನು ತೊಳೆಯುವುದಕ್ಕಿಂತ ಹೊಸದು ಹಾಕುವುದು ಮೇಲು. ಡಿಪ್‌ಸ್ಟಿಕ್ ಕೂರುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೊಳವೆ ಮುರಿದಿದೆಯಾ ಎಂದೂ ನೋಡಿ, ಅದರ ಚೂರುಗಳು ನೇರ ಚೇಂಬರಿಗೇ ಬೀಳುತ್ತವೆ.

ಹಾಗೆಯೇ ಟರ್ಬೊಗೆ ಆಯಿಲ್ ಕೊಡುವ ಸಣ್ಣ ಲೋಹದ ಪೈಪು. ಟರ್ಬೊ ಇಂಜಿನ್ನಿನ ಹಿಂಭಾಗದಲ್ಲಿ, ಡ್ಯಾಶ್‌ಬೋರ್ಡ್ ಗೋಡೆಯ ಪಕ್ಕ ಇದೆ, ಕೈ ಹೋಗುವುದು ಕಷ್ಟ. ಆದರೂ ಬಿಚ್ಚಿ. ಕಾದ ಇಂಜಿನ್ನನ್ನು ಒಮ್ಮೆಲೇ ಬಂದ್ ಮಾಡುವ ಅಭ್ಯಾಸ ಇದ್ದವರ ಕಾರಿನಲ್ಲಿ ಆ ಪೈಪಿನೊಳಗೆ ಆಯಿಲ್ ಸುಟ್ಟು ಇದ್ದಿಲಿನ ಹಾಗೆ ಕಟ್ಟಿಕೊಂಡಿರುತ್ತದೆ, ತಂತಿ ತೂರಿಸಿ ಸ್ವಚ್ಛ ಮಾಡಿದರೆ ಆ ಚೂರುಗಳೇ ಬೇರಿಂಗಿಗೆ ಹೋಗಿ ಕೂರುತ್ತವೆ. ಹೊಸ ಪೈಪು, ಹೊಸ ತಾಮ್ರದ ವಾಷರ್. ಮಧ್ಯಮ ವರ್ಗದ ಜೇಬಿಗೆ ಇದು ಜಾಸ್ತಿ ಅನ್ನಿಸಬಹುದು, ಆದರೆ ಟರ್ಬೊದ ಬೆಲೆಯ ಪಕ್ಕದಲ್ಲಿ ಇದು ಚಿಲ್ಲರೆ. ಪುಣೆಗೆ ಬಂದರೆ ನಾನಾ ಪೇಠೆಯ ಸ್ಪೇರ್ ಅಂಗಡಿಗಳಲ್ಲಿ ಕೇಳಿ, ನಿಮ್ಮ ಕಡೆ ಕುರ್ಲಾದ ಹಳೆ ಸಾಮಾನಿನ ಸಾಲಿನಲ್ಲಿ ಬೇರೆಲ್ಲ ತಗೊಳ್ಳಿ, ಆದರೆ ಆಯಿಲ್ ಪೈಪು ಮಾತ್ರ ಹಳೆಯದು ಬೇಡ.

ಪೈಪು ಬಿಚ್ಚಿದಾಗಲೇ ಟರ್ಬೊವನ್ನು ಪರೀಕ್ಷೆ ಮಾಡಿ. ಗಾಳಿ ಬರುವ ಪಕ್ಕದ ರಬ್ಬರ್ ತೆಗೆದರೆ ಚಕ್ರ ಕಾಣುತ್ತದೆ. ಶಾಫ್ಟನ್ನು ಅಕ್ಕಪಕ್ಕ ಅಲ್ಲಾಡಿಸಿದರೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಆಯಿಲ್ ಇಲ್ಲದಾಗ ಅದು ಸಹಜ, ಅದನ್ನು ತೋರಿಸಿ ಟರ್ಬೊ ಹೋಗಿದೆ ಎಂದರೆ ನಂಬಬೇಡಿ. ನೋಡಬೇಕಾದ್ದು ಎರಡು. ಚಕ್ರದ ರೆಕ್ಕೆ ಸುತ್ತಲಿನ ಗೋಡೆಗೆ ತಾಗಿದ ಗೀರು ಇದೆಯಾ? ಶಾಫ್ಟನ್ನು ಹಿಂದೆ ಮುಂದೆ ಎಳೆದು ತಳ್ಳಿದರೆ ಕೈಗೆ ಟಕ್ ಎಂದು ಗೊತ್ತಾಗುವಷ್ಟು ಆಟ ಇದೆಯಾ? ಎರಡೂ ಇಲ್ಲದಿದ್ದರೆ ಟರ್ಬೊ ಬದಲಿಸುವ ಮಾತೇ ಬೇಡ. ಕಂಪ್ರೆಸರ್ ಗಾಳಿ ಬಿಟ್ಟು ಚಕ್ರವನ್ನು ಗಿರ್ರನೆ ತಿರುಗಿಸಿ ತೋರಿಸುತ್ತಾರೆ ಕೆಲವರು, ಅದನ್ನು ತಡೆಯಿರಿ, ಒಣ ಬೇರಿಂಗಿಗೆ ಅಷ್ಟೇ ಸಾಕು. ಹೆಚ್ಚಾದ ಹೊಗೆಯನ್ನು ಟರ್ಬೊ ಚಕ್ರಕ್ಕೆ ಬಿಡದೆ ಪಕ್ಕಕ್ಕೆ ಕಳಿಸುವ ಬಾಗಿಲಿನ, ಅಂದರೆ ವೇಸ್ಟ್‌ಗೇಟ್‌ನ, ಕಡ್ಡಿ ತುಕ್ಕಿನಿಂದ ಹಿಡಿದುಕೊಂಡಿದೆಯಾ ಎಂದೂ ನೋಡಿ. ತೆರೆದೇ ಹಿಡಿದುಕೊಂಡಿದ್ದರೆ ಕಾರು ಎಳೆಯುವುದಿಲ್ಲ ಅಷ್ಟೆ, ಮುಚ್ಚಿ ಹಿಡಿದುಕೊಂಡಿದ್ದರೆ ಒತ್ತಡ ಏರಿ ಇಂಜಿನ್ನಿಗೇ ಅಪಾಯ.

ಈಗ ಇಂಜಿನ್ ತಿರುಗಿಸುವುದು. ಸೆಲ್ಫ್‌ನಿಂದ ಅಲ್ಲ, ಕೈಯಿಂದ. ನಾಲ್ಕೂ ಪ್ಲಗ್ ತೆಗೆಯಿರಿ. ಕಾರು ನಿಂತಾಗ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್ ತೆರೆದಿರುತ್ತದೆ, ಅಲ್ಲಿಂದ ತೇವ ಇಳಿದು ರಿಂಗಿನ ಹತ್ತಿರ ತುಕ್ಕು ಹಿಡಿಯುತ್ತದೆ. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಈಗ ಸುಲಭವಾಗಿ ಸಿಗುತ್ತದೆ, ಒಳಗೆ ಬಿಟ್ಟು ನೋಡಿ. ಆಮೇಲೆ ಒಂದೊಂದಕ್ಕೂ ಎರಡು ಚಮಚ ತೆಳುವಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ) ಆಯಿಲ್ ಹಾಕಿ ಎರಡು ದಿನ ಬಿಟ್ಟುಬಿಡಿ. ಸುಮ್ನೆ ಬಿಡಿ, ಅವಸರ ಬೇಡ. ಮೂರನೇ ದಿನ ಗೇರ್ ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಒಂದು ಕಡೆ ಗಟ್ಟಿಯಾಗಿ ನಿಂತರೆ ಕೈಯ ಮೇಲೆ ಮೈಭಾರ ಹಾಕಬೇಡಿ. ಅದು ತುಕ್ಕು ಇರಬಹುದು, ವಾಲ್ವ್ ಬಾಗುವ ಹೊತ್ತೂ ಇರಬಹುದು. ಇನ್ನೆರಡು ದಿನ ಆಯಿಲ್ ಬಿಟ್ಟು ಮತ್ತೆ ನೋಡಿ.

ಸುಲಭವಾಗಿ ಎರಡು ಪೂರ್ತಿ ಸುತ್ತು ಬಂದರೆ ಮುಂದಿನ ಖರ್ಚು ಟೈಮಿಂಗ್ ಬೆಲ್ಟು, ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವ್‌ಗಳನ್ನು ನಡೆಸುವ ಪಟ್ಟಿ. ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ರಬ್ಬರಿಗೆ ವಯಸ್ಸೂ ಲೆಕ್ಕವೇ. ಈ ಇಂಜಿನ್ನಿನಲ್ಲಿ ಸಿಲಿಂಡರಿಗೆ ಐದರಂತೆ 20 ವಾಲ್ವ್‌ಗಳಿವೆ, ಬೆಲ್ಟ್ ಕಡಿದರೆ ಪಿಸ್ಟನ್ನು ಅವಕ್ಕೆ ಬಡಿಯುತ್ತದೆ. ವಾಟರ್ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ, ಆದ್ದರಿಂದ ಪಂಪು, ಟೆನ್ಷನರ್ ಎಲ್ಲ ಒಟ್ಟಿಗೆ ಬದಲಿಸಿ. ಬೆಲ್ಟ್ ಕೂರಿಸಿದ ಮೇಲೆ ಮತ್ತೆ ಎರಡು ಸುತ್ತು ಕೈಯಲ್ಲೇ ತಿರುಗಿಸಿ ಗುರುತುಗಳನ್ನು ಸರಿನೋಡಿ.

ಆಯಿಲ್ ಯಾವುದು? ಹಳೆ ಇಂಜಿನ್ನಿಗೆ ದಪ್ಪ ಆಯಿಲ್ ಒಳ್ಳೆಯದು ಎಂದು ಹೇಳುವವರು ಬಹಳ ಜನ. ಟರ್ಬೊ ಕಾರಿಗೆ ಅದು ತಪ್ಪು ಸಲಹೆ ಎಂದೇ ನನ್ನ ಅಭಿಪ್ರಾಯ, ದಪ್ಪ ಆಯಿಲ್ ತಣ್ಣಗಿದ್ದಾಗ ಆ ಸಣ್ಣ ಪೈಪನ್ನು ದಾಟಿ ಹೋಗಲು ಇನ್ನೂ ಹೊತ್ತು ತಗೊಳ್ಳುತ್ತದೆ. 5ಡಬ್ಲ್ಯು-40 ಸಿಂಥೆಟಿಕ್, ಡಬ್ಬಿಯ ಮೇಲೆ ವಿಡಬ್ಲ್ಯು 502.00 ಎಂದಿರಲಿ, ಸುಮಾರು ನಾಲ್ಕೂವರೆ ಲೀಟರ್. ಫಿಲ್ಟರಿಗೂ ಮೊದಲೇ ತುಂಬಿ ಕೂರಿಸಿ. ಟರ್ಬೊದ ಆಯಿಲ್ ತೂತಿಗೆ ಸಿರಿಂಜಿನಿಂದ ಸ್ವಲ್ಪ ಸ್ವಲ್ಪ ಬಿಡುತ್ತಾ ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಮೊದಲಿಗೆ ಅಂಟಂಟಾಗಿ ಹಿಡಿದದ್ದು ನಿಧಾನವಾಗಿ ಬಿಡುವುದು ಬೆರಳಿಗೇ ಗೊತ್ತಾಗುತ್ತದೆ.

ಈಗ ಬ್ಯಾಟರಿ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿರಲಿ, ಕಾಯಿಲ್‌ಗಳ ಪಿನ್ ಬಿಚ್ಚಿರಲಿ, ಪ್ಲಗ್ ಹೊರಗೇ ಇರಲಿ, ಪ್ಲಗ್ ತೂತುಗಳ ಮೇಲೆ ದಪ್ಪ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಹಾಕಿದ ಎಟಿಎಫ್ ಮುಖಕ್ಕೇ ಚಿಮ್ಮುತ್ತದೆ. ಟರ್ಬೊ ತುದಿಯ ಆಯಿಲ್ ಪೈಪನ್ನು ಸ್ವಲ್ಪ ಸಡಿಲ ಇಟ್ಟು ಒಬ್ಬರು ನೋಡುತ್ತಾ ನಿಲ್ಲಲಿ. ಹತ್ತು ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಮತ್ತೆ ಹತ್ತು ಸೆಕೆಂಡ್. ಆಯಿಲ್ ದೀಪ ಆರಿದರೆ ಸಾಲದು, ಸಡಿಲ ಬಿಟ್ಟ ಜಾಗದಿಂದ ಆಯಿಲ್ ಒಸರುವುದನ್ನು ಕಣ್ಣಾರೆ ನೋಡಬೇಕು. ಆರೇಳು ಸಲ ಆದರೂ ಬಾರದಿದ್ದರೆ ನಿಲ್ಲಿಸಿ ಪಂಪು, ಜಾಲರಿ ಮತ್ತೆ ನೋಡಿ. ಬಂತು ಎಂದರೆ ಬಿಗಿ ಮಾಡಿ, ಅದೇ ಹೊತ್ತಿನಲ್ಲಿ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ಈ ಇಂಜಿನ್ ಹೊಸದರಲ್ಲಿ 9ರಿಂದ 14 ಬಾರ್ ತೋರಿಸುತ್ತದೆ, 7ಕ್ಕಿಂತ ಕೆಳಗಿದ್ದರೆ ಸವೆದಿದೆ ಎಂದು, ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಿಂತ ಇಂಜಿನ್ನಿನಲ್ಲಿ ರಿಂಗ್ ಅಂಟಿಕೊಂಡು ಮೊದಲ ಅಳತೆ ಕಡಿಮೆ ಬರುವುದುಂಟು. ಒಂದು ಸಲ ಕಡಿಮೆ ಬಂತೆಂದು ಇಂಜಿನ್ ಬಿಚ್ಚಲು ಹೊರಡಬೇಡಿ, ಇಂಜಿನ್ ಒಮ್ಮೆ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆದು ಆಮೇಲೆ ತೀರ್ಮಾನ ಮಾಡಿ.

ನಿಮ್ಮದು ಪೆಟ್ರೋಲ್, ಆದರೆ ಇದನ್ನು ಹಳೆ ಸಿಯೆರಾ, ಸಫಾರಿ, ಸ್ಕಾರ್ಪಿಯೊ ಇಟ್ಟುಕೊಂಡವರೂ ಓದುತ್ತಿರಬಹುದು, ಅವರಿಗೆ ಒಂದು ಎಚ್ಚರಿಕೆ. ಡೀಸೆಲ್‌ನಲ್ಲಿ ಟರ್ಬೊದ ಸೀಲ್ ಹೋಗಿ ಆಯಿಲ್ ಗಾಳಿಯ ದಾರಿಗೆ ಬಂದರೆ ಇಂಜಿನ್ ಅದನ್ನೇ ಉರಿಸಿಕೊಂಡು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಎಳೆಯುವ ಬಾಯಿ ಮುಚ್ಚಲು ಒಂದು ದಪ್ಪ ಮರದ ಹಲಗೆ ಕೈಯಲ್ಲಿರಲಿ. ಕೈಯಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚಲು ಹೋಗಬೇಡಿ, ಎಳೆದುಕೊಂಡುಬಿಡುತ್ತದೆ.

ಕೂಲೆಂಟ್ ತುಂಬಿ, ಪ್ಲಗ್ ಹಾಕಿ, ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡಿ. ಎಕ್ಸಲರೇಟರ್ ಮುಟ್ಟಬೇಡಿ. ಹತ್ತು ನಿಮಿಷ ಹೊಗೆ ಬರುತ್ತದೆ, ಸಿಲಿಂಡರಿಗೆ ಹಾಕಿದ ಎಟಿಎಫ್ ಸುಡುವುದು ಅದು. ಅದಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಗ ಟರ್ಬೊ ಬಗ್ಗೆ, ವಾಲ್ವ್ ಸೀಲ್ ಬಗ್ಗೆ ಯೋಚಿಸೋಣ. ಬಂದ್ ಮಾಡುವ ಮೊದಲು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಇದು ಈ ಕಾರು ಇರುವವರೆಗೂ ನಡೆಯಬೇಕು. ರಸ್ತೆಗೆ ಇಳಿಸುವ ಮೊದಲು ಬ್ರೇಕ್ ಪೂರ್ತಿ ಬಿಚ್ಚಿ ನೋಡಿ, ಟಯರ್ ಬದಲಿಸಿ. 15 ವರ್ಷ ದಾಟಿದೆ ಅಲ್ವಾ, ಆರ್‌ಟಿಒ ಪಾಸಿಂಗ್ ಮಾಡಿಸಿ ಆರ್‌ಸಿ ನವೀಕರಿಸಿ, ಅದು ಐದು ವರ್ಷಕ್ಕೆ ಸಿಗುತ್ತದೆ.

ಈ ಮೊದಲ ಆಯಿಲ್ ಇಟ್ಟುಕೊಳ್ಳಲಿಕ್ಕಲ್ಲ, ತೊಳೆಯಲಿಕ್ಕೆ. ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಬಿಸಿಯಿರುವಾಗಲೇ ಇಳಿಸಿಬಿಡಿ, ಫಿಲ್ಟರನ್ನು ಕೊಯ್ದು ಒಳಗಿನ ಕಾಗದವನ್ನು ಬಿಸಿಲಲ್ಲಿ ಹರವಿ ನೋಡಿ. ಕಪ್ಪು ಚೂರು ಇದ್ದರೆ ಹಳೆ ಕೆಸರು, ತೊಂದರೆಯಿಲ್ಲ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಅದು ಯಾವುದೋ ಬೇರಿಂಗಿನದು, ಕಾರು ಅಲ್ಲೇ ನಿಲ್ಲಿಸಿ ಅದರ ಫೋಟೊ ತೆಗೆದು ನನಗೆ ಕಳಿಸಿ.