ಯಾರ ಕಾಲದ ಸುಗ್ಗಿ? ಅಮೆರಿಕದ ಕ್ರೆಡಿಟ್ ಜಗಳದ ಹಿನ್ನೆಲೆ

2024ರ ಜನವರಿ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ಏರುತ್ತಿತ್ತು. ಆಗ ಅಧ್ಯಕ್ಷರಾಗಿದ್ದವರು ಜೋ ಬೈಡನ್. ಆದರೆ ಡೊನಾಲ್ಡ್ ಟ್ರಂಪ್ ಇದು ಟ್ರಂಪ್ ಷೇರುಪೇಟೆ ಎಂದು ಬರೆದರು. ಚುನಾವಣೆಯಲ್ಲಿ ತಾವೇ ಗೆಲ್ಲುವುದು ಕಾಣುತ್ತಿದೆ, ಅದಕ್ಕೇ ಜನ ಹಣ ಹಾಕುತ್ತಿದ್ದಾರೆ ಅನ್ನೋದು ಅವರ ವಾದ. ಹದಿನೈದು ತಿಂಗಳು ಕಳೆಯಿತು. 2025ರ ಏಪ್ರಿಲ್ 30ರ ಹೊತ್ತಿಗೆ ಅವರೇ ಅಧ್ಯಕ್ಷರು. ವರ್ಷದ ಮೊದಲ ಮೂರು ತಿಂಗಳಲ್ಲಿ ಆರ್ಥಿಕತೆ ಕುಗ್ಗಿದೆ ಎಂಬ ಅಂಕಿ ಅಂದು ಹೊರಬಂತು. ಅಂದೇ ಅವರು ಇದು ಬೈಡನ್ ಷೇರುಪೇಟೆ, ನನ್ನದಲ್ಲ ಎಂದು ಬರೆದರು.

ಬೈಡನ್ ಕಡೆಯವರ ಲೆಕ್ಕವನ್ನೂ ನೋಡಿ. 2021ರ ಜುಲೈ 4ರ ಸ್ವಾತಂತ್ರ್ಯ ದಿನದ ಹಬ್ಬಕ್ಕೆ ಮನೆಮಂದಿ ಹೊರಗೆ ಕೂತು ಸುಟ್ಟು ತಿನ್ನುವ ಊಟದ ಖರ್ಚು ಹಿಂದಿನ ವರ್ಷಕ್ಕಿಂತ 16 ಸೆಂಟ್ ಇಳಿದಿದೆ ಎಂದು ಶ್ವೇತಭವನದ ಟ್ವಿಟರ್ ಖಾತೆ ಹೆಮ್ಮೆಯಿಂದ ಬರೆಯಿತು. 16 ಸೆಂಟ್‌ಗೂ ಕ್ರೆಡಿಟ್, ಅಂದರೆ ಇದು ನಮ್ಮಿಂದಲೇ ಆದದ್ದು ಎಂಬ ಹೆಗ್ಗಳಿಕೆ. ಮರುವರ್ಷ ಬೆಲೆಗಳು ಓಡತೊಡಗಿದಾಗ ಅದೇ ಶ್ವೇತಭವನ ಅದನ್ನು 'ಪುಟಿನ್ ಬೆಲೆಯೇರಿಕೆ' ಎಂದಿತು. ಯುದ್ಧದಿಂದ ಪೆಟ್ರೋಲ್ ಬೆಲೆ ಏರಿದ್ದು ನಿಜ. ಆದರೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ 2022ರ ಫೆಬ್ರುವರಿಯಲ್ಲೇ ಹಣದುಬ್ಬರ ಶೇ 7.9 ಮುಟ್ಟಿತ್ತು.

ಒಳ್ಳೆಯದಾದರೆ ನಮ್ಮದು, ಕೆಟ್ಟದಾದರೆ ಹಿಂದಿನವರದು. ಈ ಮಾತು ಎಲ್ಲಾ ದೇಶಗಳಲ್ಲೂ ಇದೆ. ಆದರೆ ಅಮೆರಿಕದಲ್ಲಿ ಇದು ಎಷ್ಟು ಸಿಕ್ಕು ಬಿದ್ದಿದೆ ಎಂದರೆ, ಯಾವ ವರ್ಷದ ಬೆಳೆ ಯಾರದು ಎಂದು ಹೇಳಲು ಹೊರಟವರೆಲ್ಲ ಒಂದು ಪಕ್ಷದವರಾಗಿಯೇ ಕಾಣುತ್ತಾರೆ. ಅಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಊಟದ ಮೇಜಿನ ಮೇಲೆ ಈ ಜಗಳ ಬರುತ್ತದೆ. ಬೆಂಗಳೂರಿನ ಕಂಪನಿಗಳ ಆರ್ಡರ್, ನೇಮಕಾತಿ ಎಲ್ಲ ಆ ದೇಶದ ಏರಿಳಿತಕ್ಕೆ ಅಂಟಿಕೊಂಡಿರುವುದರಿಂದ ಇದು ನಮಗೆ ದೂರದ ವಿಷಯವೂ ಅಲ್ಲ.

ಶುರುವಾದದ್ದು ಹೀಗೆ. 1929ರ ಮಾರ್ಚ್‌ನಲ್ಲಿ ಹರ್ಬರ್ಟ್ ಹೂವರ್ ಅಧ್ಯಕ್ಷರಾದರು, ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು, ಕೆಲಸ ಕಳೆದುಕೊಂಡವರು ತಗಡು, ರಟ್ಟಿನಲ್ಲಿ ಕಟ್ಟಿಕೊಂಡ ಗುಡಿಸಲ ಕೇರಿಗಳಿಗೆ ಜನ ಅವರದೇ ಹೆಸರಿಟ್ಟರು. 1946ರಲ್ಲಿ ಟ್ರೂಮನ್ ಸಹಿ ಹಾಕಿದ ಉದ್ಯೋಗ ಕಾಯ್ದೆ, ಜನರಿಗೆ ಕೆಲಸ ಸಿಗುವಂತೆ ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಹೊಣೆ ಎಂದು ಬರೆದಿಟ್ಟಿತು. ಅಧ್ಯಕ್ಷರ ಪಕ್ಕದಲ್ಲಿ ಆರ್ಥಿಕ ಸಲಹೆಗಾರರ ಮಂಡಳಿಯನ್ನು ಕೂರಿಸಿತು. ಅಲ್ಲಿಂದ ಮುಂದೆ ಆರ್ಥಿಕತೆ ಅಧ್ಯಕ್ಷರ ಲೆಕ್ಕಕ್ಕೆ ಬಿತ್ತು.

ಹೊಣೆ ಬಂದಷ್ಟು ಅಧಿಕಾರ ಮಾತ್ರ ಬರಲಿಲ್ಲ. ಖಜಾನೆಯ ಬೀಗ ಇರುವುದು ಸಂಸತ್ತಿನ ಕೈಯಲ್ಲಿ. ಬಡ್ಡಿ ದರ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಕೈಯಲ್ಲಿ. ಅದರ ಗವರ್ನರ್‌ಗಳ ಅವಧಿ 14 ವರ್ಷ. ತೈಲದ ಬೆಲೆ ಯಾರ ಕೈಯಲ್ಲೂ ಇಲ್ಲ. ಜೊತೆಗೆ, ಇವತ್ತು ಮಾಡಿದ್ದರ ಫಲ ಕಾಣಲು ಎರಡು ಮೂರು ವರ್ಷ ಬೇಕು, ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಜಗಳದ ಬೇರು ಇರುವುದು ಈ ಅಂತರದಲ್ಲೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ನೋಡಬೇಕೆಂದರೆ 1979ರಿಂದ 1992ರವರೆಗಿನ ಕಾಲವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1979ರ ಆಗಸ್ಟ್. ಜಿಮ್ಮಿ ಕಾರ್ಟರ್ ಅಧ್ಯಕ್ಷರು. ಬೆಲೆಗಳು ತಿಂಗಳು ತಿಂಗಳೂ ಏರುತ್ತಿದ್ದವು. ಕಾರ್ಟರ್ ಫೆಡ್‌ನ ಮುಖ್ಯಸ್ಥರಾಗಿ ಪಾಲ್ ವೋಲ್ಕರ್ ಅವರನ್ನು ನೇಮಿಸಿದರು. ಆರಡಿ ಏಳಿಂಚಿನ ಮನುಷ್ಯ, ಬಾಯಲ್ಲಿ ಸಿಗಾರ್, ಖಡಕ್ ಸ್ವಭಾವ. ಹಣದುಬ್ಬರ ಮುರಿಯಬೇಕಾದರೆ ಬಡ್ಡಿ ಏರಲೇಬೇಕು ಎಂದು ಅವರು ಪಟ್ಟು ಹಿಡಿದರು. ಮುಂದಿನ ಎರಡು ವರ್ಷಗಳಲ್ಲಿ ಬ್ಯಾಂಕ್‌ಗಳು ಒಂದಕ್ಕೊಂದು ಕೊಡುವ ಸಾಲದ ಬಡ್ಡಿಯೇ ಶೇ 20ರ ಹತ್ತಿರ ಹೋಯಿತು. 1981ರ ಅಕ್ಟೋಬರ್‌ನಲ್ಲಿ ಮನೆ ಸಾಲದ ಬಡ್ಡಿ ಶೇ 18 ದಾಟಿತು.

ಶೇ 18ರ ಬಡ್ಡಿಯಲ್ಲಿ ಮನೆ ಯಾರು ಕಟ್ಟಿಸುತ್ತಾರೆ? ಕೆಲಸ ನಿಂತ ಮನೆ ಕಟ್ಟುವ ಕಂಟ್ರಾಕ್ಟರ್‌ಗಳು ಮರದ ರೀಪುಗಳನ್ನು ತುಂಡು ಮಾಡಿ, ಅದರ ಮೇಲೆ ಬಡ್ಡಿ ಇಳಿಸಿ ಎಂದು ಬರೆದು, ಸ್ಟಾಂಪ್ ಅಂಟಿಸಿ ಫೆಡ್ ಕಚೇರಿಗೆ ಅಂಚೆಯಲ್ಲಿ ಕಳಿಸಿದರು. ಕಾರು ಡೀಲರ್‌ಗಳು ಮಾರಾಟವಾಗದ ಕಾರುಗಳ ಕೀಗಳನ್ನು ಶವಪೆಟ್ಟಿಗೆಯಲ್ಲಿ ತುಂಬಿಸಿ ಕಳಿಸಿದರು. ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು ಫೆಡ್ ಕಟ್ಟಡದ ಮುಂದೆ ನಿಂತರು. ಒಂದು ನಿರ್ಧಾರದ ಭಾರ ಯಾರ ಯಾರ ಹೆಗಲ ಮೇಲೆ ಬಿತ್ತು ಅನ್ನೋದನ್ನು ಆ ಮರದ ತುಂಡುಗಳಷ್ಟು ಚೆನ್ನಾಗಿ ಯಾವ ಪಟ್ಟಿಯೂ ಹೇಳುವುದಿಲ್ಲ.

ಈಗ ಕ್ರೆಡಿಟ್ ಲೆಕ್ಕ ನೋಡೋಣ. 1980ರ ಚುನಾವಣೆಗೆ ಒಂದು ವಾರ ಇರುವಾಗ ನಡೆದ ಚರ್ಚೆಯಲ್ಲಿ ರೊನಾಲ್ಡ್ ರೇಗನ್ ಕ್ಯಾಮೆರಾ ಕಡೆ ನೋಡಿ, ನಾಲ್ಕು ವರ್ಷದ ಹಿಂದಿಗಿಂತ ಈಗ ನೀವು ಚೆನ್ನಾಗಿದ್ದೀರಾ ಎಂದು ಕೇಳಿದರು. ಜನ ಇಲ್ಲ ಎಂದರು. ಕಾರ್ಟರ್ ಸೋತರು. ರೇಗನ್ ಬಂದ ಮೇಲೂ ಔಷಧಿಯ ಕಹಿ ಮುಗಿದಿರಲಿಲ್ಲ. 1982ರ ಕೊನೆಗೆ ನಿರುದ್ಯೋಗ ಶೇ 10.8ಕ್ಕೆ ಹೋಯಿತು, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯಲ್ಲಿ ಅವರ ಪಕ್ಷ ಕೆಳಮನೆಯ 26 ಸೀಟು ಕಳೆದುಕೊಂಡಿತು. ಅಷ್ಟರಲ್ಲಿ ಹಣದುಬ್ಬರದ ಬೆನ್ನು ಮುರಿದಿತ್ತು. ಬಡ್ಡಿ ಇಳಿಯಿತು. 1984ರಲ್ಲಿ ಆರ್ಥಿಕತೆ ಶೇ 7ಕ್ಕಿಂತ ಜಾಸ್ತಿ ಬೆಳೆಯಿತು. ರೇಗನ್ 50ರಲ್ಲಿ 49 ರಾಜ್ಯ ಗೆದ್ದರು.

ಇಲ್ಲಿ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಬೇಕು. ಕಾರ್ಟರ್ ಸೋತ 1980ರ ನವೆಂಬರ್‌ನಲ್ಲಿ ನಿರುದ್ಯೋಗ ಶೇ 7.5. ರೇಗನ್ 49 ರಾಜ್ಯ ಗೆದ್ದ 1984ರ ನವೆಂಬರ್‌ನಲ್ಲಿ ಶೇ 7.2. ಹೆಚ್ಚು ಕಡಿಮೆ ಒಂದೇ, ಅಲ್ವಾ? ಕಾರ್ಟರ್ ಕಾಲದಲ್ಲಿ ಅದು ಏರಿ ಬಂದಿತ್ತು, ರೇಗನ್ ಕಾಲದಲ್ಲಿ ಇಳಿದು ಬಂದಿತ್ತು. ಮತದಾರ ಎಲ್ಲಿದ್ದೇವೆ ಎಂದು ನೋಡುವುದಿಲ್ಲ, ಯಾವ ಕಡೆ ಹೋಗುತ್ತಿದ್ದೇವೆ ಎಂದು ನೋಡುತ್ತಾನೆ. ಅದರಲ್ಲೂ ಕೊನೆಯ ಒಂದು ವರ್ಷ ಮಾತ್ರ ಅವನ ನೆನಪಿನಲ್ಲಿ ಉಳಿಯುತ್ತದೆ.

ಹಾಗಾದರೆ ಆ ಸುಗ್ಗಿ ಯಾರದು? ವೋಲ್ಕರ್ ಅವರನ್ನು ಕೂರಿಸಿದ ಕಾರ್ಟರ್ ಅವರದಾ? ನೋವಿನ ದಿನಗಳಲ್ಲೂ ಅವರನ್ನು ಬದಲಿಸದೆ 1983ರಲ್ಲಿ ಮತ್ತೆ ನೇಮಿಸಿದ ರೇಗನ್ ಅವರದಾ? 1981ರ ತೆರಿಗೆ ಕಡಿತದ್ದಾ? ಮೂರಕ್ಕೂ ಪಾಲು ಇದೆ. ಆದರೆ ಭಾಷಣದಲ್ಲಿ ಪಾಲು ಹಂಚುವುದಕ್ಕೆ ಯಾರೂ ಹೋಗುವುದಿಲ್ಲ.

1992ರ ಕಥೆ ಇನ್ನೂ ಕಷ್ಟದ್ದು. ಜಾರ್ಜ್ ಎಚ್. ಡಬ್ಲ್ಯು. ಬುಷ್ ಕಾಲದಲ್ಲಿ 1990ರ ಜುಲೈನಲ್ಲಿ ಹಿಂಜರಿತ ಶುರುವಾಯಿತು. ಮುಗಿದದ್ದು 1991ರ ಮಾರ್ಚ್‌ನಲ್ಲಿ. ಆದರೆ ಕೆಲಸಗಳು ಕೂಡಲೇ ವಾಪಸ್ ಬರಲಿಲ್ಲ. 1992ರ ಜೂನ್‌ನಲ್ಲಿ ನಿರುದ್ಯೋಗ ಶೇ 7.8. ಬಿಲ್ ಕ್ಲಿಂಟನ್ ಪ್ರಚಾರ ಕಚೇರಿಯ ಗೋಡೆಯ ಮೇಲೆ ಆರ್ಥಿಕತೆಯನ್ನು ಮರೆಯಬೇಡಿ ಎಂಬ ಅರ್ಥದ ಫಲಕ ನೇತಾಡುತ್ತಿತ್ತು. ನವೆಂಬರ್ 3ರಂದು ಬುಷ್ ಸೋತರು.

ಅಮೆರಿಕದಲ್ಲಿ ಹಿಂಜರಿತ ಯಾವಾಗ ಶುರು, ಯಾವಾಗ ಮುಗಿಯಿತು ಎಂದು ತಾರೀಕು ಹಾಕುವುದು ಅರ್ಥಶಾಸ್ತ್ರಜ್ಞರ ಒಂದು ಖಾಸಗಿ ಸಂಸ್ಥೆ, ನ್ಯಾಷನಲ್ ಬ್ಯೂರೊ ಆಫ್ ಎಕನಾಮಿಕ್ ರಿಸರ್ಚ್. ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು ಎಂದು ಅವರು ಪ್ರಕಟಿಸಿದ್ದು 1992ರ ಡಿಸೆಂಬರ್ 22ರಂದು. ಚುನಾವಣೆ ಮುಗಿದು ಏಳು ವಾರ ಆಗಿತ್ತು. ಅವರು ಬೇಕೆಂದು ತಡಮಾಡಲಿಲ್ಲ. ಅಂಕಿ ಗಟ್ಟಿಯಾಗುವವರೆಗೆ ಕಾಯುವುದು ಅವರ ಪದ್ಧತಿ. ಆರ್ಥಿಕತೆ ಒಂದೂವರೆ ವರ್ಷದಿಂದ ಬೆಳೆಯುತ್ತಲೇ ಇತ್ತು, ಜನರ ಅನುಭವಕ್ಕೆ ಅದು ಬಂದಿರಲಿಲ್ಲ ಅಷ್ಟೇ. 1990ರಲ್ಲಿ ತೆರಿಗೆ ಏರಿಸಲು ಒಪ್ಪಿ ಬುಷ್ ತಮ್ಮದೇ ಪಕ್ಷದವರ ಸಿಟ್ಟಿಗೆ ಗುರಿಯಾಗಿದ್ದರು. ಆ ಒಪ್ಪಂದವೂ ಸೇರಿ ಖಜಾನೆ ಸರಿಹೋಗಿ, 1998ರಿಂದ 2001ರವರೆಗೆ ಬಜೆಟ್‌ನಲ್ಲಿ ಉಳಿತಾಯ ಕಂಡಾಗ ಹೆಸರು ಬಂದದ್ದು ಕ್ಲಿಂಟನ್‌ಗೆ.

ಕ್ಲಿಂಟನ್ ಕಾಲದ ಕೊನೆಯ ವರ್ಷಗಳು ನಮ್ಮವರಿಗೂ ಗೊತ್ತು. ವೈಟುಕೆ ಕೆಲಸಕ್ಕೆಂದು, ಅಂದರೆ 2000ನೇ ಇಸವಿಗೆ ಕಂಪ್ಯೂಟರ್‌ಗಳ ತಾರೀಕು ಸರಿಪಡಿಸಲೆಂದು, ಬೆಂಗಳೂರಿನಿಂದ ವಿಮಾನ ಹತ್ತಿದವರಿಗೆ ಲೆಕ್ಕವಿಲ್ಲ. 2000ದಲ್ಲಿ ಎಚ್-1ಬಿ ವೀಸಾ ಮಿತಿ 1,95,000ಕ್ಕೆ ಏರಿತು. ಅದೇ ವರ್ಷದ ಮಾರ್ಚ್‌ನಲ್ಲಿ ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಷೇರು ಸೂಚ್ಯಂಕ ನಾಸ್‌ಡ್ಯಾಕ್ ತುತ್ತತುದಿ ಮುಟ್ಟಿ ಬೀಳತೊಡಗಿತು. ಆ ಬಿದ್ದದ್ದರ ಪಾಲು ಮುಂದಿನ ಅಧ್ಯಕ್ಷರ ತಲೆಗೆ ಬಂತು.

ಕ್ರೆಡಿಟ್ ಬರೀ ಹೆಮ್ಮೆಯ ವಿಷಯವಾಗಿದ್ದರೆ ಇಷ್ಟು ಚಿಂತೆ ಬೇಕಿರಲಿಲ್ಲ. ಅದು ಗುರಾಣಿಯೂ ಹೌದು. 1998ರ ಡಿಸೆಂಬರ್ 19ರಂದು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಕೆಳಮನೆ ಕ್ಲಿಂಟನ್ ವಿರುದ್ಧ ವಾಗ್ದಂಡನೆ ಅಂಗೀಕರಿಸಿತು. ಅದೇ ದಿನಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಕೆಲಸವನ್ನು ಮೆಚ್ಚಿದವರು ಶೇ 73. ಅದು ಅವರ ಅಧಿಕಾರಾವಧಿಯಲ್ಲೇ ಅತಿ ಹೆಚ್ಚು. ಜೇಬು ತುಂಬಿದ್ದಾಗ ಜನ ನಡತೆಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟರು.

ಜೇಬು ಖಾಲಿಯಾದಾಗ ಆಗುವುದು ಬೇರೆ. 1980ರ ದಶಕದ ಮಧ್ಯದಲ್ಲಿ ತೈಲ ಬೆಲೆ ಕುಸಿದು ಲೂಯಿಸಿಯಾನ ರಾಜ್ಯ ನೆಲಕಚ್ಚಿತ್ತು. 1991ರ ಗವರ್ನರ್ ಚುನಾವಣೆಯ ಕೊನೆಯ ಸುತ್ತಿನಲ್ಲಿ ಉಳಿದವರು ಇಬ್ಬರು. ಒಬ್ಬರು ಬಿಳಿಯರೇ ಮೇಲು ಎನ್ನುವ ಸಂಘಟನೆ ಕು ಕ್ಲುಕ್ಸ್ ಕ್ಲಾನ್‌ನ ಮಾಜಿ ನಾಯಕ ಡೇವಿಡ್ ಡ್ಯೂಕ್. ಇನ್ನೊಬ್ಬರು ಭ್ರಷ್ಟಾಚಾರದ ಆರೋಪದಲ್ಲಿ ವಿಚಾರಣೆ ಎದುರಿಸಿ ಬಿಡುಗಡೆಯಾಗಿದ್ದ ಎಡ್ವಿನ್ ಎಡ್ವರ್ಡ್ಸ್. ಕಳ್ಳನಿಗೇ ಮತ ಹಾಕಿ, ಇದು ಮುಖ್ಯ ಎಂಬ ಸ್ಟಿಕರ್ ಕಾರುಗಳ ಹಿಂದೆ ಕಾಣಿಸಿತು. ಡ್ಯೂಕ್ ಗೆದ್ದರೆ ಸಮ್ಮೇಳನಗಳು, ವ್ಯಾಪಾರ ರಾಜ್ಯ ಬಿಟ್ಟು ಹೋಗುತ್ತವೆ ಎಂದು ಉದ್ಯಮಿಗಳು ಎಚ್ಚರಿಸಿದರು. ಎಡ್ವರ್ಡ್ಸ್ ಶೇ 61 ಮತ ಪಡೆದು ಗೆದ್ದರು. ಆದರೂ ಬಿಳಿಯ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡ್ಯೂಕ್ ಕಡೆ ಇದ್ದರು. ಕೆಲಸ ಹೋದ ಸಿಟ್ಟಿನ ಜೊತೆ ಬೇರೆ ಏನೇನೋ ಬೆರೆಯುತ್ತದೆ ಎಂಬ ಭಯ ನನಗೆ ಅಂದಿನ ಅಂಕಿ ನೋಡಿದಾಗೆಲ್ಲ ಆಗುತ್ತದೆ.

2024ರಲ್ಲಿ ಎರಡೂ ಕಡೆಯವರು ಇದೇ ಗುರಾಣಿ ಎತ್ತಿದರು. ಬೈಡನ್ ಅವರ ವಯಸ್ಸಿನ ಬಗ್ಗೆ ಕೇಳಿದರೆ ಬೆಂಬಲಿಗರು ಹೊಸ ಉದ್ಯೋಗಗಳ ಅಂಕಿ ಓದುತ್ತಿದ್ದರು. ಮೇ 30ರಂದು ನ್ಯೂಯಾರ್ಕ್ ನ್ಯಾಯಾಲಯದಲ್ಲಿ 34 ಆರೋಪಗಳಲ್ಲಿ ತಪ್ಪಿತಸ್ಥ ಎಂದಾದ ಟ್ರಂಪ್ ಬಗ್ಗೆ ಕೇಳಿದರೆ ಅವರ ಬೆಂಬಲಿಗರು 2019ರ ದಿನಸಿ ಬಿಲ್ ನೆನಪಿಸುತ್ತಿದ್ದರು. ಮತಗಟ್ಟೆಯಿಂದ ಹೊರಬಂದವರಲ್ಲಿ ಮೂರನೇ ಎರಡು ಭಾಗದಷ್ಟು ಜನ ಆರ್ಥಿಕತೆ ಚೆನ್ನಾಗಿಲ್ಲ ಎಂದರು. ಕೇಳಿದ ಪ್ರಶ್ನೆ ಅಭ್ಯರ್ಥಿಯ ಬಗ್ಗೆ, ಬಂದ ಉತ್ತರ ಬೆಲೆಯ ಬಗ್ಗೆ.

ಮಧ್ಯದ ವರ್ಷಗಳನ್ನು ಬೇಗ ದಾಟೋಣ. 2008ರಲ್ಲಿ ಬ್ಯಾಂಕ್‌ಗಳನ್ನು ಉಳಿಸುವ 70,000 ಕೋಟಿ ಡಾಲರ್ ಯೋಜನೆಗೆ ಸಹಿ ಹಾಕಿದವರು ಕಿರಿಯ ಬುಷ್, ಅದರ ಮೇಲೆ ಕಟ್ಟಿದವರು ಒಬಾಮ. 2009ರ ಅಕ್ಟೋಬರ್‌ನಲ್ಲಿ ಶೇ 10 ಇದ್ದ ನಿರುದ್ಯೋಗ ಒಬಾಮ ಹೊರಡುವಾಗ ಶೇ 4.7. ಟ್ರಂಪ್ ಮೊದಲ ಅವಧಿಯಲ್ಲಿ ಅದು ಇನ್ನೂ ಇಳಿದು, ಕೋವಿಡ್‌ಗೆ ಮೊದಲು ಶೇ 3.5. ಗೆರೆ ಎಳೆದರೆ ಒಂದೇ ಇಳಿಜಾರು. ಎಲ್ಲಿ ಒಬ್ಬರ ಕಾಲ ಮುಗಿದು ಇನ್ನೊಬ್ಬರ ಕಾಲ ಬಂತು ಎಂದು ಅದರಲ್ಲಿ ಕಾಣುವುದೇ ಇಲ್ಲ. ಆದರೆ 2016ರ ಚುನಾವಣೆಯಾದ ಒಂದೇ ವಾರದಲ್ಲಿ, ಆರ್ಥಿಕತೆ ಹಾಳಾಗುತ್ತಿದೆ ಎನ್ನುತ್ತಿದ್ದ ಟ್ರಂಪ್ ಪಕ್ಷದ ಬಹಳಷ್ಟು ರಿಪಬ್ಲಿಕನ್ನರು ಸುಧಾರಿಸುತ್ತಿದೆ ಎನ್ನತೊಡಗಿದರು. ಒಬಾಮ, ಬೈಡನ್ ಪಕ್ಷದ ಡೆಮಾಕ್ರಟರ ನಂಬಿಕೆ ಇಳಿಯಿತು. 2020ರ ನಂತರ ಇದೇ ತಿರುವುಮುರುವಾಯಿತು.

ಪ್ರಿನ್ಸ್‌ಟನ್‌ನ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ ಟ್ರೂಮನ್‌ನಿಂದ ಒಬಾಮವರೆಗೆ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಡೆಮಾಕ್ರಟ್ ಅಧ್ಯಕ್ಷರ ಕಾಲದಲ್ಲಿ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇ 4.33, ರಿಪಬ್ಲಿಕನ್ ಅಧ್ಯಕ್ಷರ ಕಾಲದಲ್ಲಿ ಶೇ 2.54. ಡೆಮಾಕ್ರಟರು ಈ ಸಾಲನ್ನು ಎಲ್ಲೆಡೆ ಓದುತ್ತಾರೆ. ಮುಂದಿನ ಸಾಲನ್ನು ಬಿಟ್ಟುಬಿಡುತ್ತಾರೆ. ಈ ಅಂತರಕ್ಕೆ ಸರ್ಕಾರದ ಖರ್ಚಾಗಲೀ ಫೆಡ್ ನೀತಿಯಾಗಲೀ ಕಾರಣವಲ್ಲ, ತೈಲದ ಆಘಾತ, ಉತ್ಪಾದಕತೆ, ಹೊರದೇಶಗಳ ಸ್ಥಿತಿ ಇವುಗಳ ಪಾಲೇ ದೊಡ್ಡದು ಎಂದು ಅದೇ ಲೇಖನ ಹೇಳುತ್ತದೆ.

ಹಾಗೆಂದು ಅಧ್ಯಕ್ಷರ ಕೈವಾಡ ಏನೂ ಇಲ್ಲ ಎನ್ನುವಂತಿಲ್ಲ. 2025ರಲ್ಲಿ ಹೇರಿದ ಆಮದು ಸುಂಕಗಳ ಮೇಲೆ ಸಹಿ ಯಾರದೆಂದು ಎಲ್ಲರಿಗೂ ಗೊತ್ತು. ಭಾರತದ ಸರಕಿಗೆ ಆಗಸ್ಟ್‌ನಲ್ಲಿ ಅದು ಶೇ 50ಕ್ಕೆ ಹೋಯಿತು.

ಇಷ್ಟು ವಾದಗಳ ನಡುವೆ ಎಲ್ಲರೂ ಒಪ್ಪುವ ಒಂದು ಜಾಗ ಇತ್ತು. ಕಾರ್ಮಿಕ ಅಂಕಿಅಂಶ ಬ್ಯೂರೊ. 1884ರಿಂದ ಇದೆ. ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಮೊದಲ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಉದ್ಯೋಗದ ಅಂಕಿ ಬರುತ್ತದೆ. ಬೆಂಗಳೂರಿನಲ್ಲಿ ಆಗ ಸಂಜೆ ಆರು, ಅಲ್ಲಿ ಚಳಿಗಾಲವಾದರೆ ಏಳು. ಸುಮಾರು 60,000 ಮನೆಗಳನ್ನು ಕೇಳಿ ನಿರುದ್ಯೋಗ ದರ ತೆಗೆಯುತ್ತಾರೆ. ಬೆಲೆ ತಿಳಿಯಲು ಸಿಬ್ಬಂದಿ ಅಂಗಡಿಗೆ ಹೋಗಿ ಹಿಂದಿನ ಬಾರಿ ನೋಡಿದ ಅದೇ ಬ್ರ್ಯಾಂಡಿನ, ಅದೇ ಅಳತೆಯ ಪೊಟ್ಟಣ ಹುಡುಕುತ್ತಾರೆ. ಪೊಟ್ಟಣ ಸಣ್ಣದಾಗಿ ಬೆಲೆ ಅಷ್ಟೇ ಇದ್ದರೆ ಅದನ್ನೂ ಬೆಲೆಯೇರಿಕೆ ಎಂದೇ ಬರೆದುಕೊಳ್ಳುತ್ತಾರೆ. ಬಹಳ ತಾಳ್ಮೆಯ ಕೆಲಸ ಅದು.

ಜಗಳ ಆ ಜಾಗಕ್ಕೂ ಬಂತು. 2012ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ 7.8ಕ್ಕೆ ಇಳಿದಿದೆ ಎಂದಾಗ ಒಬಾಮಗಾಗಿ ತಿದ್ದಿದ್ದಾರೆ ಎಂಬ ಮಾತು ಹಬ್ಬಿತು. 2017ರ ಮಾರ್ಚ್‌ನಲ್ಲಿ ಒಳ್ಳೆಯ ಅಂಕಿ ಬಂದಾಗ, ಹಿಂದೆ ಸುಳ್ಳಾಗಿದ್ದಿರಬಹುದು, ಈಗ ನಿಜ ಎಂದು ಶ್ವೇತಭವನದ ವಕ್ತಾರರು ಹೇಳಿದರು. 2025ರ ಆಗಸ್ಟ್ 1ರಂದು ಮೇ ಮತ್ತು ಜೂನ್ ತಿಂಗಳ ಅಂಕಿಯನ್ನು ಒಟ್ಟು 2,58,000 ಉದ್ಯೋಗಗಳಷ್ಟು ಇಳಿಸಲಾಯಿತು. ತಡವಾಗಿ ಉತ್ತರ ಕೊಡುವ ಕಂಪನಿಗಳ ಲೆಕ್ಕ ಸೇರಿಸಿ ಹೀಗೆ ತಿದ್ದುವುದು ಪ್ರತಿ ತಿಂಗಳ ಕ್ರಮ. ಅಂದೇ ಬ್ಯೂರೊದ ಆಯುಕ್ತರನ್ನು ಕೆಲಸದಿಂದ ತೆಗೆಯಲಾಯಿತು.

ಎರಡು ತಿಂಗಳ ನಂತರ ಬಜೆಟ್ ಜಗಳದಲ್ಲಿ ಸರ್ಕಾರದ ಕಚೇರಿಗಳೇ ಮುಚ್ಚಿದವು. 43 ದಿನ. ಕಾರಣ ನೀವು ಎಂದು ಎರಡೂ ಪಕ್ಷಗಳು ಪರಸ್ಪರ ಬೆರಳು ತೋರಿಸಿದವು. ಆ ಅಕ್ಟೋಬರ್‌ನಲ್ಲಿ ಮನೆಗಳಿಗೆ ಫೋನ್ ಮಾಡಿ, ಈ ವಾರ ಕೆಲಸ ಮಾಡಿದಿರಾ ಎಂದು ಕೇಳುವವರು ಇರಲಿಲ್ಲ. 1948ರಿಂದ ಒಂದು ತಿಂಗಳೂ ಬಿಡದೆ ತುಂಬುತ್ತಾ ಬಂದ ನಿರುದ್ಯೋಗ ದರದ ಪಟ್ಟಿಯಲ್ಲಿ 2025ರ ಅಕ್ಟೋಬರ್‌ನ ಮನೆ ಖಾಲಿ ಉಳಿದಿದೆ.