‘ಪಾಪರ್ ಚೀಟಿ’ ತಗೊಂಡರೆ ಸಾಲವೆಲ್ಲ ಮನ್ನಾ ಆಗುತ್ತಾ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ನಡೆಸುತ್ತಿದ್ದೆ, ಈಗ ಬಾಗಿಲು ಹಾಕಿದ್ದೇನೆ. ಮಾವನವರ ಜಾಮೀನಿನ ಮೇಲೆ ತೆಗೆದ ಬ್ಯಾಂಕ್ ಸಾಲ 6 ಲಕ್ಷ, ಹೆಂಡತಿಯ ಒಡವೆ ಅಡವಿಟ್ಟು ತಂದದ್ದು 2 ಲಕ್ಷ, ಚೆಕ್ ಕೊಟ್ಟು ಪಡೆದ ಕೈಸಾಲ 3 ಲಕ್ಷ. ಪಾಪರ್ ಚೀಟಿ ತಗೊಂಡುಬಿಡು, ಎಲ್ಲ ಮನ್ನಾ ಎನ್ನುತ್ತಾರೆ ಸ್ನೇಹಿತರು. ಹೆಂಡತಿಗೆ ಜೈಲಿನ ಭಯ. ನನ್ನ ಹೆಸರಿನ ಸೈಟನ್ನು ಮೊದಲೇ ಅವಳಿಗೆ ಬರೆದುಕೊಡಲೇ? ಅಂಗಡಿಯ ಹಳೇ ಉದ್ರಿ ಪುಸ್ತಕಗಳು ಮನೆಯಲ್ಲಿ ಬಿದ್ದಿವೆ, ರದ್ದಿಗೆ ಹಾಕಬಹುದೇ?

ಉತ್ತರ: ಪಾಪರ್ ಚೀಟಿ ಎಂಬ ಕಾಗದವನ್ನು ಯಾವ ಕೋರ್ಟೂ ಕೊಡುವುದಿಲ್ಲ. ಕೋರ್ಟ್ ಶುಲ್ಕ ಕಟ್ಟಲಾಗದವರು ದಾವೆ ಹೂಡುವ ಸಂದರ್ಭಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ‘ಪಾಪರ್’ ಎಂಬ ಪದವಿತ್ತು. 1976ರ ತಿದ್ದುಪಡಿಯಲ್ಲಿ ಅದೂ ಹೋಯಿತು. ನಮ್ಮ ಊರುಗಳ ಬಾಯಲ್ಲಿ ಮಾತ್ರ ಆ ಪದ ದಿವಾಳಿಗೆ ಅಂಟಿಕೊಂಡು, ರೇಷನ್ ಚೀಟಿಯ ಹಾಗೆ ಕೌಂಟರಿನಲ್ಲಿ ಸಿಗುವ ವಸ್ತುವಾಗಿಬಿಟ್ಟಿದೆ.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ ಎಂದು ಕೇಳುವವರುಂಟು. ಬಂತು, ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂಥವರಿಗೆ ಇವತ್ತಿಗೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾಲ 500 ರೂಪಾಯಿ ಮುಟ್ಟಿದ್ದರೆ ಅರ್ಜಿ ಹಾಕಬಹುದು ಎನ್ನುವ ಕಾಯ್ದೆ ಅದು. ಆಗಿನ 500 ಎಂದರೆ ಏನು, ಈಗಿನದು ಎಂದರೆ ಏನು ಎಂದು ಹೇಳಬೇಕಾಗಿಲ್ಲ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅನ್ವಯಿಸುವುದು ಅದಕ್ಕೂ ಹಳೆಯದಾದ 1909ರ ಬೇರೊಂದು ಕಾಯ್ದೆ.

ಇದರಲ್ಲಿ ಎರಡು ಹಂತಗಳಿವೆ, ಸ್ನೇಹಿತರು ಹೇಳುವುದು ಮೊದಲನೆಯದನ್ನಷ್ಟೇ. ಅರ್ಜಿ ವಿಚಾರಣೆಯಾಗಿ ಕೋರ್ಟು ನಿಮ್ಮನ್ನು ದಿವಾಳಿ ಎಂದು ಘೋಷಿಸುತ್ತದೆ. ಆ ದಿನ ನಿಮ್ಮ ಸಾಲ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆಗುವುದೇನೆಂದರೆ, ನಿಮ್ಮ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಋಣ ಬಿಡುಗಡೆಗೆ ಕೋರ್ಟು ಹೇಳಿದ ಗಡುವಿನೊಳಗೆ ಇನ್ನೊಂದು ಅರ್ಜಿ ಹಾಕಬೇಕು. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟಾದರೂ ಹುಟ್ಟದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡದ ಹೊರತು ಪೂರ್ಣ ಬಿಡುಗಡೆ ಇಲ್ಲ. ಬಿಡುಗಡೆಯಾಗುವ ತನಕ ಶಾಸನಸಭೆಗಾಗಲಿ ಸ್ಥಳೀಯ ಸಂಸ್ಥೆಗಾಗಲಿ ಚುನಾವಣೆಗೆ ನಿಲ್ಲುವಂತಿಲ್ಲ. ವೋಟು ಹಾಕಲು ಅಡ್ಡಿಯಿಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಅಡವಿಟ್ಟ ಒಡವೆ ದಿವಾಳಿ ಅರ್ಜಿಯಿಂದ ವಾಪಸ್ ಬರುವುದಿಲ್ಲ. ಅಡಮಾನ ಇಟ್ಟುಕೊಂಡವರ ಹಕ್ಕನ್ನು ಕಾಯ್ದೆ ಮುಟ್ಟುವುದೇ ಇಲ್ಲ; ಬ್ಯಾಂಕು ನೋಟಿಸ್ ಕೊಟ್ಟು ಹರಾಜು ಹಾಕಬಹುದು. ಕೈಸಾಲದ ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಎರಡೂ ಸಾಧ್ಯ. ದಿವಾಳಿ ಅರ್ಜಿ ತೋರಿಸಿದರೆ ಆ ಕೇಸು ಮುಚ್ಚಿಹೋಗುವುದಿಲ್ಲ. ಜಿಎಸ್‌ಟಿ ಬಾಕಿ ಇದ್ದರೆ ಅದೂ ಹೆಗಲ ಮೇಲೆಯೇ, ಸರ್ಕಾರದ ಬಾಕಿಗೆ ಈ ಕಾಯ್ದೆಯಲ್ಲಿ ಬಿಡುಗಡೆ ಇಲ್ಲ.

ಇನ್ನು ಮಾವನವರು. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಚಿಂತೆ ಹಚ್ಚಿದ್ದು ಇದೇ. ನಿಮಗೆ ಪೂರ್ಣ ಬಿಡುಗಡೆ ಸಿಕ್ಕರೂ ಜಾಮೀನುದಾರರಿಗೆ ಸಿಗುವುದಿಲ್ಲ ಎಂದು ಕಾಯ್ದೆಯ 44ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ನೀವು ಕೈ ಎತ್ತಿದ ಕೂಡಲೇ ಬ್ಯಾಂಕಿನವರು ಅವರ ಮನೆ ಬಾಗಿಲಿಗೆ ಹೋಗುತ್ತಾರೆ. ಹೀಗಾಗಿ ಅರ್ಜಿಗೆ ಸಹಿ ಹಾಕುವ ಮೊದಲು ಅವರೆದುರು ಕೂತು ಮಾತಾಡಿ. ಆ 6 ಲಕ್ಷದ ಮಟ್ಟಿಗೆ ಬ್ಯಾಂಕಿನ ಜೊತೆ ಒಂದೇ ಕಂತಿನ ಇತ್ಯರ್ಥ, ಇಲ್ಲವೇ ಲೋಕ ಅದಾಲತ್ತಿನಲ್ಲಿ ರಾಜಿ ನಿಮ್ಮಿಬ್ಬರಿಗೂ ವಾಸಿ ಎಂದೇ ನನ್ನ ಅಭಿಪ್ರಾಯ. ರಾಜಿ ಪತ್ರದಲ್ಲಿ ಜಾಮೀನುದಾರರ ಹೆಸರೂ ಬಿಡುಗಡೆಯಾಗಿದೆ ಎಂದು ಬರೆಸಿಕೊಳ್ಳಿ. ಅಲ್ಲಿಯವರೆಗೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಿದರೆ ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ. ರಿಸರ್ವ್ ಬ್ಯಾಂಕ್ ಅದನ್ನು ನಿಷೇಧಿಸಿದೆ.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ: ಕೈಯಲ್ಲಿ ನಿಜಕ್ಕೂ ಹಣವಿಲ್ಲದವನನ್ನು ಬರೀ ಸಾಲದ ಡಿಕ್ರಿಗಾಗಿ, ಅಂದರೆ ಹಣ ಕಟ್ಟು ಎಂಬ ಕೋರ್ಟಿನ ತೀರ್ಪಿಗಾಗಿ, ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಹಣವಿದ್ದೂ ಬಚ್ಚಿಟ್ಟವನ ಮಾತು ಬೇರೆ. ಹಣದ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವ ಹಾಗೇ ಇಲ್ಲ. ಅಮೀನ ಬಂದು ಮನೆಯ ಪಾತ್ರೆ ಪಡಗ ಹೊತ್ತೊಯ್ಯುತ್ತಾನೆ ಎನ್ನುವುದೂ ಹಳೇ ಕಥೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ತಾಳಿ, ಇವನ್ನು ಜಪ್ತಿ ಮಾಡುವಂತಿಲ್ಲ. ಜೀವವಿಮೆ ಪಾಲಿಸಿಯ ಹಣಕ್ಕೂ ಪಿಎಫ್‌ಗೂ ರಕ್ಷಣೆ ಇದೆ. ವಾಸದ ಮನೆಗೆ ಮಾತ್ರ ಎಲ್ಲರಿಗೂ ಇಲ್ಲ: ರೈತರು, ಕೂಲಿಕಾರರು, ಮನೆಗೆಲಸದವರಿಗೆ ಉಂಟು, ಅಂಗಡಿ ಇಟ್ಟ ನಿಮಗೆ ಇಲ್ಲ.

ಸೈಟನ್ನು ಹೆಂಡತಿ ಹೆಸರಿಗೆ ಬರೆಯುವ ಯೋಚನೆ ಬಿಡಿ. ಬರೆದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ಘೋಷಣೆಯಾದರೆ ಆ ದಾನಪತ್ರವನ್ನು ಕೋರ್ಟು ರದ್ದು ಮಾಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ನಿಮ್ಮ ಪ್ರಾಮಾಣಿಕತೆಯ ಬಗ್ಗೆಯೇ ಪ್ರಶ್ನೆ ಏಳುತ್ತದೆ. ಬೇಕಾದವರೊಬ್ಬರ ಕೈಸಾಲವನ್ನು ಮಾತ್ರ ಮೊದಲು ತೀರಿಸಿ ಆಮೇಲೆ ಅರ್ಜಿ ಹಾಕುವುದೂ ಇದೇ ಜಾತಿಯದು. ಮೂರು ತಿಂಗಳೊಳಗಿನ ಅಂಥ ಪಾವತಿಯನ್ನು ವಾಪಸ್ ತರಿಸಬಹುದು.

ಕೊನೆಗೆ ಆ ಉದ್ರಿ ಪುಸ್ತಕಗಳು. ದಯವಿಟ್ಟು ರದ್ದಿಗೆ ಹಾಕಬೇಡಿ. ದಿವಾಳಿಗೆ ಹಿಂದಿನ ಮೂರು ವರ್ಷದ ವ್ಯಾಪಾರದ ಲೆಕ್ಕ ಸರಿಯಾಗಿ ಇಟ್ಟಿಲ್ಲವೆಂದರೆ ಪೂರ್ಣ ಬಿಡುಗಡೆಗೆ ಅದೇ ಅಡ್ಡಿ. ಲೆಕ್ಕ ಮುಚ್ಚಿಡಲು ಪುಸ್ತಕ ನಾಶ ಮಾಡಿದ್ದೆಂದು ಸಾಬೀತಾದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ನಿಮ್ಮ ಮನೆಯವರು ಹೆದರುತ್ತಿರುವ ಜೈಲು ಬರೀ ಸಾಲದ ಕಡೆಯಿಂದಲ್ಲ, ಚೆಕ್ ಕೇಸಿನಿಂದ ಇಲ್ಲವೇ ಈ ರದ್ದಿ ಅಂಗಡಿಯ ದಾರಿಯಿಂದ ಬಂದೀತು. ಜೊತೆಗೆ, ನಿಮಗೆ ಬರಬೇಕಾದ ಬಾಕಿ ಯಾರ್‍ಯಾರದು ಎಷ್ಟು ಎಂಬ ಲೆಕ್ಕ ಇರುವುದೂ ಅದರಲ್ಲೇ. ಧೂಳು ಕೊಡವಿ, ವರ್ಷದ ಪ್ರಕಾರ ಜೋಡಿಸಿ, ವಕೀಲರ ಹತ್ತಿರ ಹೋಗುವಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ.